ಗುಂಡಿ ಮುಚ್ಚಿಸಲು ಮನೆಗೆ 500 ರೂಪಾಯಿ: ಕೊಡಬೇಕಾ, ಬೇಡವಾ?

ಹಾಲಿನಬೂತ್_ಎದುರುಮನೆ
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ಬಡಾವಣೆ ಹೆಸರು ಬರೆಯಲ್ಲ, ಸುಮ್ನೆ ಜಗಳ ಯಾಕೆ.

ನಮ್ಮ ಅಡ್ಡರಸ್ತೆಯ ತಿರುವಿನಲ್ಲಿ, ಹಾಲಿನ ಬೂತ್ ಮುಂದೆ ಒಂದು ಗುಂಡಿ ಇದೆ. ಹೋದ ವರ್ಷದ ಮೇ ಮಳೆಗೆ ಊಟದ ತಟ್ಟೆಯಷ್ಟಿತ್ತು. ನಿನ್ನೆ ಟೇಪ್ ಹಿಡಿದು ಅಳೆದೆ. ಉದ್ದ 4 ಅಡಿ, ಅಗಲ 3 ಅಡಿ, ಆಳ 4 ಇಂಚು. ಮಳೆ ಬಂದಾಗ ನೀರು ತುಂಬಿ ಆಳ ಕಾಣಲ್ಲ. ಬೂತ್‌ನವರು ಪಾಪ ಒಂದು ಖಾಲಿ ಕ್ರೇಟ್ ಬೋರಲು ಹಾಕಿ, ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ ಇಟ್ಟಿದ್ದಾರೆ. ಎರಡು ಸಲ ಆ ಕ್ರೇಟೇ ಕಳುವಾಯಿತು.

ಸಂಬಂಧಪಟ್ಟ ಕಚೇರಿಗೆ ನಾಲ್ಕು ಸಲ ಹೋಗಿ ಬಂದೆ. ಯಾರೂ ಬೈಯ್ಯಲಿಲ್ಲ, ಕೂರಿಸಿ ಚೆನ್ನಾಗಿಯೇ ಮಾತಾಡಿಸಿದರು. ಉತ್ತರ ಮಾತ್ರ ಒಂದೇ: "ಅನುದಾನ ಬಂದಿಲ್ಲ ಸರ್." ಕೊನೆಯ ಸಲ ಇನ್ನೊಂದು ಸೇರಿಸಿದರು. ಪೂರ್ತಿ ರಸ್ತೆಗೆ ಎಸ್ಟಿಮೇಟ್ ಹೋಗಿದೆಯಂತೆ. ಅದು ಬರೋ ತನಕ ತೇಪೆ ಹಾಕೋದು ದಂಡ ಅಂತೆ.

ಈಗ ನಮ್ಮ ಬೀದಿಯ 40 ಮನೆಯವರು ಸೇರಿ ಮನೆಗೆ 500 ಹಾಕಿ ನಾವೇ ಮುಚ್ಚಿಸೋಣ ಅಂತ ಮಾತಾಗಿದೆ. ಒಟ್ಟು 20,000. ಅರ್ಧ ಜನ ಸರಿ ಅಂತಾರೆ. ಇನ್ನರ್ಧ ಜನ "ತೆರಿಗೆ ಕಟ್ಟಿ ಆಮೇಲೆ ಇದನ್ನೂ ಯಾಕೆ ಕೊಡಬೇಕು" ಅಂತಾರೆ. ನೀವೇನಂತೀರ?

ಬೈಕ್_ಸವಾರ
ಕೊಟ್ಟುಬಿಡಿ ಸರ್. ಒಂದು ಸಲ ಬಿದ್ದರೆ ಎಕ್ಸ್‌ರೇಗೇ 500 ಆಗತ್ತೆ.

ಲೆಕ್ಕದ_ಮೇಷ್ಟ್ರು
ಕೊಡಬೇಡಿ. ಇವತ್ತು ಗುಂಡಿಗೆ 500, ನಾಳೆ ಬೀದಿದೀಪಕ್ಕೆ 500, ನಾಳಿದ್ದು ಚರಂಡಿಗೆ. ಕೊಡೋರು ಇದ್ದಾರೆ ಅಂತ ಗೊತ್ತಾದರೆ ಕಚೇರಿಯವರು ಈ ಕಡೆ ತಲೆನೂ ಹಾಕಲ್ಲ.

ಕುಕ್ಕರಹಳ್ಳಿ_ವಾಕಿಂಗ್
ಬಾಳೆಗಿಡ ನೆಡಿ. ಫೋಟೋ ಪೇಪರ್‌ನಲ್ಲಿ ಬಂದರೆ ಎರಡು ದಿನದಲ್ಲಿ ಮುಚ್ಚುತ್ತಾರೆ.

ಹಾಲಿನಬೂತ್_ಎದುರುಮನೆ
ನೆಟ್ಟಾಯಿತು ಸರ್. ಹಸು ತಿಂತು.

ಬೈಕ್_ಸವಾರ
😂😂

ಶ್ರೀರಾಂಪುರ_ಬಸ್
ನನಗೆ ಅರ್ಥ ಆಗದೇ ಇರೋದು ಒಂದೇ. ಬೈಕ್ ತಗೊಂಡಾಗ ಲೈಫ್‌ಟೈಮ್ ಟ್ಯಾಕ್ಸ್ ಅಂತ ಒಂದೇ ಸಲಕ್ಕೆ ಕಿತ್ಕೊಂಡ್ರು. ಪೆಟ್ರೋಲ್ ಹಾಕಿಸಿದಾಗೆಲ್ಲ ಸೆಸ್. ಆ ದುಡ್ಡೆಲ್ಲ ಎಲ್ಲಿಗೆ ಹೋಯ್ತು? ರಸ್ತೆಗೆ ತಾನೇ ಕೊಟ್ಟಿದ್ದು?

ಲೆಕ್ಕದ_ಮೇಷ್ಟ್ರು
ಇಲ್ಲೇ ಎಲ್ಲರೂ ಎಡವೋದು. ನಿಮ್ಮ ಬೈಕಿನ ತೆರಿಗೆ ರಾಜ್ಯದ ಖಜಾನೆಗೆ ಹೋಗುತ್ತದೆ. ಪೆಟ್ರೋಲ್ ಮೇಲಿನ ಸೆಸ್ ಕೇಂದ್ರದ್ದು, ಮಾರಾಟ ತೆರಿಗೆ ರಾಜ್ಯದ್ದು. 2024ರ ಜೂನ್‌ನಲ್ಲಿ ಲೀಟರ್‌ಗೆ 3 ರೂಪಾಯಿ ಏರಿಸಿದರಲ್ಲ, ಅದೂ ರಾಜ್ಯದ್ದೇ. ಅದರಲ್ಲಿ ಒಂದು ಪೈಸೆಯೂ ನೇರವಾಗಿ ನಿಮ್ಮ ಊರಿನ ಪಾಲಿಕೆಗೋ ನಗರಸಭೆಗೋ ಬರಲ್ಲ.

ಊರಿನ ಕೈಗೆ ನೇರವಾಗಿ ಬರೋ ದೊಡ್ಡ ದುಡ್ಡು ಆಸ್ತಿ ತೆರಿಗೆ. ಅದರ ಜೊತೆ ಕಟ್ಟೋ ಸೆಸ್‌ಗಳನ್ನೂ ಊರಿನ ದುಡ್ಡು ಅಂದ್ಕೋಬೇಡಿ. ಗ್ರಂಥಾಲಯ ಸೆಸ್ 6%, ಭಿಕ್ಷುಕರ ಸೆಸ್ 3%, ಎಲ್ಲ ಸಂಗ್ರಹಿಸಿ ಬೇರೆಯವರಿಗೆ ಕೊಡಬೇಕಾದದ್ದು. ಉಳಿದದ್ದರಲ್ಲಿ ಸಂಬಳ, ಕಸ, ಬೀದಿದೀಪದ ಕರೆಂಟ್ ಬಿಲ್, ನೀರೆತ್ತೋ ಕರೆಂಟ್ ಬಿಲ್. ಇದೆಲ್ಲ ಕಳೆದು ಕೊನೆಗೆ ಏನಾದರೂ ಮಿಕ್ಕರೆ ರಸ್ತೆ.

ಶ್ರೀರಾಂಪುರ_ಬಸ್
ಅಂದರೆ ನಾನು ಕಟ್ಟಿದ ರೋಡ್ ಟ್ಯಾಕ್ಸ್ ರೋಡಿಗೆ ಹೋಗಲ್ಲ. ಚೆನ್ನಾಗಿದೆ.

ಲೆಕ್ಕದ_ಮೇಷ್ಟ್ರು
ಯಾವುದೋ ರೋಡಿಗೆ ಹೋಗಬಹುದು. ನಿಮ್ಮ ರೋಡಿಗೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಸರಸ್ವತಿಪುರಂ_ಅಜ್ಜಿ
ನಾನು ಮೊಮ್ಮಗನ ಕೈಲಿ ಟೈಪ್ ಮಾಡಿಸ್ತಿದ್ದೀನಿ, ತಪ್ಪಿದ್ದರೆ ಅವನದು.

ಮೊದಲು ಊರಿಗೆ ತನ್ನದೇ ದುಡ್ಡು ಅಂತ ಇತ್ತು ಕಣ್ರಪ್ಪ. ಮೈಸೂರಿಗೆ ಬರೋ ದಾರಿಯಲ್ಲಿ ಸುಂಕದ ಗೇಟು. ನಮ್ಮ ತಂದೆ ಹಳ್ಳಿಯಿಂದ ಬರುವಾಗ ತುಪ್ಪದ ಡಬ್ಬ ತಂದರೆ ಅಲ್ಲಿ ನಿಲ್ಲಿಸಿ ಚೀಟಿ ಹರಿಯೋರು. ಆಕ್ಟ್ರಾಯ್ ಅಂತ. ಡಬ್ಬಕ್ಕೆ ಟವಲ್ ಸುತ್ತಿ ನನ್ನ ತೊಡೆ ಮೇಲೆ ಇಡೋರು, ಮಗು ಅಂದ್ಕೊಳ್ಳಲಿ ಅಂತ. 1979ರಲ್ಲಿ ಅದನ್ನು ತೆಗೆದರು. ಜನಕ್ಕೆ ಖುಷಿ. ಅಲ್ಲಿಂದ ಊರು ಸರ್ಕಾರದ ಮುಂದೆ ಕೈ ಚಾಚೋದು ಜಾಸ್ತಿ ಆಯ್ತು. ಇದು ನಮ್ಮ ಯಜಮಾನರು ಹೇಳ್ತಿದ್ದ ಮಾತು, ಅವರು ಲೆಕ್ಕಪತ್ರದ ಕೆಲಸದಲ್ಲಿದ್ದರು.

ಲೆಕ್ಕದ_ಮೇಷ್ಟ್ರು
ನಿಮ್ಮ ಯಜಮಾನರು ಸರಿಯಾಗಿ ಹೇಳಿದ್ದಾರೆ ಅಮ್ಮ. ಅದಕ್ಕೆ ಬದಲಾಗಿ ಸರ್ಕಾರ ಅನುದಾನ ಕೊಡ್ತೀನಿ ಅಂತು. ಸಂವಿಧಾನದ 74ನೇ ತಿದ್ದುಪಡಿ ಬಂದ ಮೇಲೆ ಐದು ವರ್ಷಕ್ಕೊಂದು ರಾಜ್ಯ ಹಣಕಾಸು ಆಯೋಗ ಕೂತು ಪಾಲು ಎಷ್ಟು ಅಂತ ಹೇಳಬೇಕು. ಆಯೋಗ ಹೇಳುತ್ತೆ. ಎಷ್ಟು ಕೊಡ್ತಾರೆ, ಯಾವಾಗ ಕೊಡ್ತಾರೆ ಅನ್ನೋದು ಖಜಾನೆಯ ಮರ್ಜಿ.

ತುಪ್ಪದಡಬ್ಬ
ಅಜ್ಜಿಯ ಕಥೆ ಓದಿ ಈ ಹೆಸರಿನಲ್ಲಿ ಖಾತೆ ತೆರೆದೆ. ಬೇರೇನಿಲ್ಲ.

ಜೈ_ಕರ್ನಾಟಕ_82
ಸುತ್ತಿ ಬಳಸಿ ಯಾಕೆ ಮಾತಾಡ್ತೀರಿ? ಗ್ಯಾರಂಟಿಗೆ ವರ್ಷಕ್ಕೆ 50 ಸಾವಿರ ಕೋಟಿ ಮೇಲೆ ಹೋಗ್ತಿದೆ. ರಸ್ತೆಗೆ ಎಲ್ಲಿಂದ ಬರತ್ತೆ?

ನಂಜನಗೂಡು_ರೈಲು
ಗ್ಯಾರಂಟಿ ಬರೋ ಮುಂಚೆ ನಿಮ್ಮ ಬೀದಿಯಲ್ಲಿ ಗುಂಡಿ ಇರಲಿಲ್ವಾ? ನಮ್ಮ ಬೀದಿಯಲ್ಲಿತ್ತು. ನಮ್ಮಮ್ಮ ಬಸ್ಸಲ್ಲಿ ಫ್ರೀ ಆಗಿ ಆಸ್ಪತ್ರೆಗೆ ಹೋಗಿ ಬರ್ತಾರೆ, ಅದನ್ನು ಕಿತ್ತು ನಿಮ್ಮ ಕಾರಿಗೆ ಡಾಂಬರು ಹಾಕಬೇಕಾ? ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು 4.713% ಇದ್ದದ್ದು 15ನೇ ಹಣಕಾಸು ಆಯೋಗದಲ್ಲಿ 3.647%ಗೆ ಇಳೀತು. ಅದನ್ನೂ ಹೇಳಿ.

ಜೈ_ಕರ್ನಾಟಕ_82
ಶುರುವಾಯ್ತು ನೋಡಿ, ಎಲ್ಲದಕ್ಕೂ ದಿಲ್ಲಿ ಕಡೆ ಕೈ ತೋರಿಸೋದು.

ನಿರ್ವಾಹಕ
ಇಬ್ಬರೂ ಒಂದೊಂದು ಸಲ ಹೇಳಿದ್ದೀರಿ, ಸಾಕು. ಈ ಜಗಳಕ್ಕೆ ಬೇರೆ ಚರ್ಚೆ ಇದೆ, ಈಗಾಗಲೇ 900 ಉತ್ತರ ದಾಟಿದೆ. ಇಲ್ಲಿ ಗುಂಡಿ ಬಗ್ಗೆ ಮಾತಾಡಿ.

ಪಿಡಬ್ಲ್ಯುಡಿ_ಪಿಂಚಣಿದಾರ
ಮೂವತ್ತು ವರ್ಷ ರಸ್ತೆ ಕೆಲಸ ಮಾಡಿಸಿ ನಿವೃತ್ತನಾದವನು. ಮೂಲ ಪ್ರಶ್ನೆಗೆ ಬರ್ತೀನಿ.

ನಿಮ್ಮ ಗುಂಡಿಯ ಲೆಕ್ಕ ಹಾಕಿ. 4 ಅಡಿ, 3 ಅಡಿ, ಆಳ 4 ಇಂಚು. ಸರಿಯಾಗಿ 4 ಘನ ಅಡಿ. ರೋಲರ್ ಹೊಡೆದು ಗಟ್ಟಿ ಮಾಡಿದ ಡಾಂಬರು ಮಿಶ್ರಣ ಘನ ಅಡಿಗೆ ಸುಮಾರು 65 ಕೆಜಿ ತೂಗುತ್ತದೆ. ಅಂದರೆ ನಿಮಗೆ ಬೇಕಿರೋದು 260 ಕೆಜಿ. ಬಿಸಿ ಮಿಶ್ರಣ ಬರೋದು ಪ್ಲಾಂಟ್‌ನಿಂದ, ಲಾರಿಯಲ್ಲಿ, ಟನ್‌ಗಟ್ಟಲೆ. 260 ಕೆಜಿಗೆ ಯಾರೂ ಪ್ಲಾಂಟ್ ಹಚ್ಚಲ್ಲ. ಸುಮಾರು 150 ಡಿಗ್ರಿಯಲ್ಲಿ ಹೊರಟ ಮಾಲು ದಾರಿಯಲ್ಲಿ ಆರುತ್ತಾ ಬರುತ್ತೆ. 100 ಡಿಗ್ರಿ ಹತ್ತಿರ ಇಳಿದ ಮೇಲೆ ರೋಲರ್ ಓಡಿಸಿದರೆ ಇಸ್ತ್ರಿ ಆರಿದ ಮೇಲೆ ಬಟ್ಟೆಗೆ ಉಜ್ಜಿದ ಹಾಗೆ.

ಅದಕ್ಕೇ ಒಂದೊಂದು ಗುಂಡಿಗೆ ಅಂತ ಯಾರೂ ಬರಲ್ಲ. ಇಡೀ ವಾರ್ಡಿನ ಗುಂಡಿಗಳನ್ನು ಗುರುತು ಹಾಕಿ ಒಂದೇ ದಿನ ಲಾರಿ ಓಡಿಸಬೇಕು. ಅದಕ್ಕೆ ವರ್ಷಕ್ಕೊಂದು ನಿರ್ವಹಣೆ ಗುತ್ತಿಗೆ ಇರಬೇಕು. ಅನುದಾನ ಕಡಿಮೆ ಆದಾಗ ಮೊದಲು ಕತ್ತರಿ ಬೀಳೋದು ಈ ಗುತ್ತಿಗೆಗೇ. ಯಾಕೆ ಅಂದರೆ ಹೊಸ ರಸ್ತೆಗೆ ಗುದ್ದಲಿ ಪೂಜೆ ಇದೆ. ತೇಪೆಗೆ ಪೂಜೆ ಮಾಡೋಕೆ ಯಾರು ಬರ್ತಾರೆ?

ನೀವು ಹಣ ಕೊಡಬೇಕಾ ಅಂತ ಕೇಳಿದಿರಿ. ಅದಕ್ಕೆ ಮುಂಚೆ ಒಂದು ಹೇಳಿ: ಮಳೆ ನಿಂತ ಮೇಲೆ ಆ ಗುಂಡಿಯಲ್ಲಿ ನೀರು ಎಷ್ಟು ಹೊತ್ತು ಇರತ್ತೆ?

ಹಾಲಿನಬೂತ್_ಎದುರುಮನೆ
ಎರಡು ದಿನ ಸರ್. ಜೋರು ಮಳೆ ಆದರೆ ಮೂರು.

ಪಿಡಬ್ಲ್ಯುಡಿ_ಪಿಂಚಣಿದಾರ
ಹಾಗಾದರೆ ನಿಮ್ಮ ರೋಗ ಗುಂಡಿ ಅಲ್ಲ. ನೀರು ಹೋಗೋಕೆ ದಾರಿ ಇಲ್ಲ. ಆ ತಿರುವಿನಲ್ಲಿ ಚರಂಡಿಗೆ ನೀರು ಇಳಿಯೋ ಬಾಯಿ ಎಲ್ಲಿದೆ ಹುಡುಕಿ. ಡಾಂಬರಿಗೂ ನಿಂತ ನೀರಿಗೂ ಆಗಿಬರಲ್ಲ. ಜಲ್ಲಿಗೆ ಅಂಟಿದ ಡಾಂಬರನ್ನು ನೀರು ಬಿಡಿಸುತ್ತೆ, ಮೇಲೆ ಚಕ್ರ ಹೋದಾಗ ಒತ್ತಡಕ್ಕೆ ಜಲ್ಲಿ ಎದ್ದು ಬರುತ್ತೆ. ಒಂದು ಜಲ್ಲಿ ಎದ್ದರೆ ಪಕ್ಕದ್ದು ಸಡಿಲ.

ಜಲ್ಲಿ_ಡಾಂಬರು
ಸಣ್ಣ ಗುತ್ತಿಗೆದಾರ ನಾನು. ಯಾವ ಊರು, ಯಾವ ಕಚೇರಿ ಅಂತ ಕೇಳಬೇಡಿ, ನಾಳೆ ಅಲ್ಲೇ ಹೋಗಿ ನಿಲ್ಲಬೇಕು.

ಎಲ್ಲರೂ ಗುತ್ತಿಗೆದಾರನಿಗೆ ಬೈತೀರಿ. ನಮ್ಮ ಕಡೆ ಹೇಗಿದೆ ಕೇಳಿ. ಕೆಲಸ ಮುಗಿದು, ಎಂ.ಬಿ. (ಅಳತೆ ಪುಸ್ತಕ) ಬರೆದು, ಬಿಲ್ ಕೊಟ್ಟು ಹದಿನಾಲ್ಕು ತಿಂಗಳಾಯ್ತು. ದುಡ್ಡು ಬಂದಿಲ್ಲ. ಸರ್ಕಾರಿ ಕಾಮಗಾರಿ ಮೇಲಿನ ಜಿಎಸ್‌ಟಿ 2022ರ ಜುಲೈನಲ್ಲಿ 12ರಿಂದ 18%ಗೆ ಹೋಯ್ತು. ಕ್ರಷರ್‌ನವನಿಗೆ ಜಲ್ಲಿಯ ದುಡ್ಡು ಮೊದಲೇ ಕೊಡಬೇಕು. ಡಾಂಬರಿಗೂ ಅಷ್ಟೇ, ಸಾಲ ಇಲ್ಲ. ಬಡ್ಡಿ ಓಡ್ತಾನೇ ಇರತ್ತೆ. ಹೆಂಡತಿ ಬಳೆ ಎರಡು ವರ್ಷದಿಂದ ಬ್ಯಾಂಕಲ್ಲಿದೆ.

ಈಗ ತೇಪೆ ಕೆಲಸಕ್ಕೆ ಟೆಂಡರ್ ಕರೆದರೆ ನನ್ನಂಥವರು ಹಾಕಲ್ಲ. ನೂರು ಕಡೆ ಚೂರು ಚೂರು ಕೆಲಸ. ಅಳತೆ ಕಷ್ಟ, ಆಡಿಟ್‌ನವರ ಪ್ರಶ್ನೆ ಜಾಸ್ತಿ, ಲಾಭ ಕಡಿಮೆ. ಯಾರೋ ಒಬ್ಬ ಎಸ್.ಆರ್. ದರಕ್ಕಿಂತ, ಅಂದರೆ ಸರ್ಕಾರದ ದರಪಟ್ಟಿಗಿಂತ, ಬಹಳ ಕೆಳಗೆ ಕೂಗಿ ಹಿಡೀತಾನೆ. ಅಷ್ಟು ಕೆಳಗೆ ಹಿಡಿದವನು ಗುಂಡಿ ಕತ್ತರಿಸಿ, ಗುಡಿಸಿ, ಟ್ಯಾಕ್ ಕೋಟ್ (ಅಂಟಿಕೊಳ್ಳೋಕೆ ತೆಳು ಡಾಂಬರು) ಹೊಡೆದು ಹಾಕ್ತಾನಾ? ಬಾಂಡ್ಲಿಯಲ್ಲಿ ತಂದು ಸುರಿದು, ಗುದ್ದಲಿ ಬೆನ್ನಲ್ಲಿ ತಟ್ಟಿ ಹೋಗ್ತಾನೆ.

ಬೈಕ್_ಸವಾರ
ಅಣ್ಣ, ಪರ್ಸೆಂಟ್ ವಿಷಯನೂ ಸ್ವಲ್ಪ ಹೇಳಿ.

ಜಲ್ಲಿ_ಡಾಂಬರು
ಅದು ನೀನೇ ಬರ್ಕೋ ತಮ್ಮ.

ಕಬ್ಬಿನಗದ್ದೆ_ಮಂಡ್ಯ
ನೀವು ಮೈಸೂರಿನವರು ಒಂದು ಗುಂಡಿಗೆ ಇಷ್ಟು ಕೂಗಾಡ್ತೀರಲ್ಲ. ನಮ್ಮೂರಿಗೆ ಬನ್ನಿ ಒಂದ್ಸಲ. ಗುಂಡಿ ಲೆಕ್ಕ ಹಾಕಲ್ಲ ನಾವು, ಮಧ್ಯೆ ಎಲ್ಲಿ ರಸ್ತೆ ಉಳಿದಿದೆ ಅಂತ ಹುಡುಕ್ಕೊಂಡು ಹೋಗ್ತೀವಿ.

ಕಬ್ಬು ಕಡಿಯೋ ಕಾಲ ಬಂತು ಅಂದರೆ ಹಗಲೂ ರಾತ್ರಿ ಲಾರಿ, ಟ್ರ್ಯಾಕ್ಟರ್. ಒಂದು ಇಂಜಿನ್‌ಗೆ ಎರಡು ಟ್ರೈಲರ್ ಕಟ್ಟಿ, ಮೇಲೆ ಆಕಾಶದ ತನಕ ಕಬ್ಬು. ಊರ ಒಳಗಿನ ರಸ್ತೆ ಎತ್ತಿನ ಗಾಡಿಗೆ ಮಾಡಿದ್ದು ಕಣಣ್ಣ. ಇನ್ನೊಂದು ಕಡೆ ವಿಶ್ವೇಶ್ವರಯ್ಯ ನಾಲೆ ನೀರು. ಗದ್ದೆಗೆ ನೀರು ಬಿಟ್ಟರೆ ರಸ್ತೆ ಅಡಿಯಲ್ಲೂ ಜಿನುಗುತ್ತೆ, ಅಂಚು ಮೆತ್ತಗಾಗಿ ಕುಸಿಯುತ್ತೆ.

ಯಾರನ್ನ ಕೇಳೋದು? ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿದ್ದು, 2021ಕ್ಕೆ ಅವಧಿ ಮುಗೀತು. ಆಮೇಲೆ ಸದಸ್ಯ ಅಂತ ಬೈಯ್ಯೋಕೂ ಒಬ್ಬ ಇಲ್ಲ.

ಪಿಡಬ್ಲ್ಯುಡಿ_ಪಿಂಚಣಿದಾರ
ಕಬ್ಬಿನ ಲಾರಿ ಬಗ್ಗೆ ಹೇಳಿದ್ದು ಸರಿ. 1958ರಿಂದ 60ರ ತನಕ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೀತು. ರಸ್ತೆ ಹಾಕಿ ಅದರ ಮೇಲೆ ಎರಡು ವರ್ಷ ಲಾರಿ ಓಡಿಸಿ ನೋಡಿದರು. ಆಕ್ಸಲ್ (ಚಕ್ರದ ಅಚ್ಚು) ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಪೆಟ್ಟು ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ನಾವು ಇವತ್ತಿಗೂ ಅದನ್ನೇ ನಂಬಿ ಲೆಕ್ಕ ಹಾಕೋದು. ನಿಮ್ಮ ಸ್ಕೂಟರ್ ಸಾವಿರ ಸಲ ಹೋದರೂ ರಸ್ತೆಗೆ ಗೊತ್ತಾಗಲ್ಲ. ತುಂಬಿದ ಲಾರಿ ಒಂದು ಸಲ ಹೋದರೆ ಸಾಕು. 2018ರಲ್ಲಿ ಕೇಂದ್ರವೇ ಒಂಟಿ ಆಕ್ಸಲ್‌ನ ಮಿತಿಯನ್ನು 10.2ರಿಂದ 11.5 ಟನ್‌ಗೆ ಏರಿಸಿತು. ಹಳೇ ರಸ್ತೆಗಳಿಗೆ ಈ ಸುದ್ದಿ ಯಾರೂ ಹೇಳಲಿಲ್ಲ.

ಲೆಕ್ಕದ_ಮೇಷ್ಟ್ರು
ಮಂಡ್ಯದವರೇ, ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ರಸ್ತೆಗೆ ಅಡ್ಡ ಅಗೆದು ಗದ್ದೆಗೆ ಪೈಪ್ ಎಳೆಯೋರು ಯಾರು?

ಕಬ್ಬಿನಗದ್ದೆ_ಮಂಡ್ಯ
ನಾವೇ. ಸುಳ್ಳು ಯಾಕೆ ಹೇಳಲಿ. ನಮ್ಮಪ್ಪನೂ ಅಗೆದವ್ರೆ. ರಾತ್ರಿ ಅಗೆದು, ಪೈಪ್ ಹಾಕಿ, ಮಣ್ಣು ಮುಚ್ಚಿ, ಬೆಳಿಗ್ಗೆ ಏನೂ ಗೊತ್ತಿಲ್ಲದವರ ಥರ ಟೀ ಕುಡಿಯೋದು. ಮಳೆ ಬಂದಾಗ ಅಲ್ಲೇ ಕುಸಿಯೋದು. ಅದಕ್ಕೆ ಹಂಪ್ ಉಲ್ಟಾ ಅಂತ ಹೆಸರಿಟ್ಟಿದ್ದೀವಿ.

ನಂಜನಗೂಡು_ರೈಲು
"ಹಂಪ್ ಉಲ್ಟಾ" 😂 ನಾನಿನ್ನು ಇದೇ ಪದ ಬಳಸೋದು.

ಶ್ರೀರಾಂಪುರ_ಬಸ್
ಸಿಟಿಯಲ್ಲೂ ಅಷ್ಟೇ ಅಲ್ವಾ. ಹೊಸ ಡಾಂಬರು ಹಾಕಿ ತಿಂಗಳಾಗಿರಲ್ಲ, ಒಬ್ಬ ಕೇಬಲ್ಗೆ ಅಗೀತಾನೆ, ಇನ್ನೊಬ್ಬ ಗ್ಯಾಸ್ ಪೈಪಿಗೆ, ಮತ್ತೊಬ್ಬ ಯುಜಿಡಿಗೆ, ಅಂದರೆ ಒಳಚರಂಡಿಗೆ. ಮುಚ್ಚುವಾಗ ಮಾತ್ರ ಮಣ್ಣು ತಳ್ಳಿ ಹೋಗ್ತಾರೆ.

ಜಲ್ಲಿ_ಡಾಂಬರು
ರೋಡ್ ಕಟಿಂಗ್‌ಗೆ ಮೊದಲೇ ದುಡ್ಡು ಕಟ್ಟಿಸ್ಕೊಂಡಿರ್ತಾರೆ. ಆ ದುಡ್ಡು ಅದೇ ರಸ್ತೆಗೆ ವಾಪಸ್ ಬಂದಿದ್ದು ನಾನಂತೂ ಅಪರೂಪಕ್ಕೆ ನೋಡಿದ್ದೀನಿ.

ಕುಕ್ಕರಹಳ್ಳಿ_ವಾಕಿಂಗ್
ನನ್ನದೊಂದು ಸಂಶಯ. ದಸರಾ ಬಂತು ಅಂದರೆ ಸಯ್ಯಾಜಿ ರಾವ್ ರಸ್ತೆ, ಬನ್ನಿಮಂಟಪದ ಕಡೆ ಎಲ್ಲ ಫಳಫಳ. ಆನೆ ಹೋಗೋ ದಾರಿಗೆ ದುಡ್ಡು ಇರತ್ತೆ, ಮಕ್ಕಳು ಸ್ಕೂಲಿಗೆ ಹೋಗೋ ದಾರಿಗೆ ಯಾಕಿರಲ್ಲ?

ಸರಸ್ವತಿಪುರಂ_ಅಜ್ಜಿ
ಆನೆಗೆ ಏನೂ ಅನ್ನಬೇಡಿ, ಅದು 750 ಕೆಜಿ ಅಂಬಾರಿ ಹೊತ್ಕೊಂಡು ಹೋಗತ್ತೆ. ಎಡವಿದರೆ ಗತಿ?

ಕುಕ್ಕರಹಳ್ಳಿ_ವಾಕಿಂಗ್
ಆನೆಗಲ್ಲ ಅಮ್ಮ ಅಂದಿದ್ದು 🙏

ಪಿಡಬ್ಲ್ಯುಡಿ_ಪಿಂಚಣಿದಾರ
ದಸರಾ ಹಣ ಬೇರೆ ಬಾಬ್ತು. ಇನ್ನೊಂದು ಕಷ್ಟ ಇದೆ. ನಮ್ಮಲ್ಲಿ ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ. ದಸರಾಗೆ ಅಂತ ಅವಸರದಲ್ಲಿ ಒದ್ದೆ ನೆಲದ ಮೇಲೆ ಹಾಕಿದ ತೇಪೆ ದೀಪಾವಳಿ ಹೊತ್ತಿಗೆ ಎದ್ದಿರುತ್ತೆ. ಒಣ ಕಾಲದಲ್ಲಿ, ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹಾಕಬೇಕು. ಹಣ ಬಿಡುಗಡೆ ಆಗೋದು ಮಾತ್ರ ಮಾರ್ಚ್ ಕೊನೆ ವಾರ. ಆಗ ಕೆಲಸ ಆಗಲ್ಲ, ಬಿಲ್ ಆಗುತ್ತೆ.

ಆರ್‌ಟಿಐ_ಹವ್ಯಾಸಿ
ತಡವಾಗಿ ಬಂದೆ. ಎಲ್ಲ ಓದಿದೆ. ದುಡ್ಡು ಕೊಡೋ ಮುಂಚೆ ಮಾಡಬೇಕಾದ್ದು ಒಂದಿದೆ, 10 ರೂಪಾಯಿ ಖರ್ಚು.

ಆ ರಸ್ತೆ ಕೊನೆಯ ಸಲ ಯಾವಾಗ ಆಯ್ತು, ದೋಷ ಹೊಣೆ ಅವಧಿ ಎಷ್ಟು, ಮುಗಿದಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅವಧಿಯೊಳಗೆ ಇದ್ದರೆ ಗುತ್ತಿಗೆದಾರನೇ ಅವನ ಖರ್ಚಲ್ಲಿ ಸರಿ ಮಾಡಿಕೊಡಬೇಕು. ಅನುದಾನ ಬಂದಿಲ್ಲ ಅನ್ನೋ ಮಾತೇ ಬರಲ್ಲ, ಅವನ ಠೇವಣಿ ಕಚೇರಿಯಲ್ಲೇ ಇರುತ್ತೆ. ಅಳತೆ ಪುಸ್ತಕದ ನಕಲು ಕೇಳಿ. ಬರೀ ಕಾಗದ ಅಲ್ಲ, ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸಬಹುದು, ಸಾಮಗ್ರಿಯ ಮಾದರಿ ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಎಚ್ಚರ: ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಕಥೆ ಬರೆಯಬೇಡಿ. 30 ದಿನದಲ್ಲಿ ಉತ್ತರ ಕೊಡಬೇಕು.

ಜಲ್ಲಿ_ಡಾಂಬರು
ಬಂದ್ರಪ್ಪ. ಠೇವಣಿ ಹಿಡಿದಿರೋದು ಸರಿ, ಬಿಲ್ ಕೊಡದೆ ಹಿಡಿದಿರೋದಕ್ಕೆ ಯಾವ ಆರ್‌ಟಿಐ ಹಾಕ್ಲಿ ನಾನು?

ಆರ್‌ಟಿಐ_ಹವ್ಯಾಸಿ
ಅದೇ 10 ರೂಪಾಯಿ ಅಣ್ಣ. ಬಿಲ್‌ಗಳನ್ನು ಯಾವ ಸರದಿಯಲ್ಲಿ ಪಾವತಿ ಮಾಡಿದ್ದಾರೆ ಅಂತ ಕೇಳಿ. ನಿಮ್ಮ ನಂತರ ಬಂದವರಿಗೆ ಮೊದಲು ಹೋಗಿದ್ದರೆ ಗೊತ್ತಾಗತ್ತೆ.

ಜಲ್ಲಿ_ಡಾಂಬರು
ಕೇಳಿದರೆ ಮುಂದಿನ ಟೆಂಡರ್ ಮರೀಬೇಕು. ಆದರೂ ಯೋಚನೆ ಮಾಡ್ತೀನಿ.

ಬೈಕ್_ಸವಾರ
ಮೈಸೂರಲ್ಲಿ ಕಾರ್ಪೊರೇಟರ್‌ಗಳೂ ಇಲ್ಲ ಅಲ್ವಾ ಈಗ? ಮೊದಲು ಅವರ ಮನೆ ಮುಂದೆ ಹೋಗಿ ನಿಂತರೆ ಏನೋ ಒಂದು ಲಾರಿ ಜಲ್ಲಿಪುಡಿನಾದರೂ ಬರ್ತಿತ್ತು.

ಲೆಕ್ಕದ_ಮೇಷ್ಟ್ರು
65 ವಾರ್ಡಿನ ಕೌನ್ಸಿಲ್ ಅವಧಿ 2023ರ ನವೆಂಬರ್‌ನಲ್ಲಿ ಮುಗೀತು, ಆಮೇಲೆ ಆಡಳಿತಾಧಿಕಾರಿ. ಇದು ಬರೀ ಬೈಯ್ಯೋಕೆ ಜನ ಇಲ್ಲ ಅನ್ನೋ ಪ್ರಶ್ನೆ ಅಲ್ಲ. ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕು ಅನ್ನೋ ಷರತ್ತಿದೆ. ಬಂದರೂ 15ನೇ ಆಯೋಗದ (2021-26) ದುಡ್ಡಿನಲ್ಲಿ 60% ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿದ್ದು. ಉಳಿದ 40%ರಲ್ಲಿ ರಸ್ತೆ ಬೇರೆ ಎಲ್ಲದರ ಜೊತೆ ಗುದ್ದಾಡಬೇಕಿತ್ತು.

ಇನ್ನು ನಗರದ ಸುತ್ತ ಬೆಳೆದ ಖಾಸಗಿ ಬಡಾವಣೆಗಳ ಕಥೆಯೇ ಬೇರೆ. ಹೂಟಗಳ್ಳಿ ನಗರಸಭೆ ಆಯ್ತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಅದರಾಚೆ ಹಸ್ತಾಂತರವೇ ಆಗದ ಬಡಾವಣೆಗಳಿವೆ. ಅಲ್ಲಿ ರಸ್ತೆ ಯಾರದ್ದು ಅಂತ ಕೇಳಿದರೆ ಎಲ್ಲರೂ ಪಕ್ಕದವರ ಕಡೆ ನೋಡ್ತಾರೆ.

ಶ್ರೀರಾಂಪುರ_ಬಸ್
ನಾನಿರೋದು ಅಂಥದ್ದರಲ್ಲೇ. ತೆರಿಗೆ ಯಾರಿಗೆ ಕಟ್ಟಬೇಕು ಅಂತ ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತು.

ತುಪ್ಪದಡಬ್ಬ
ಒಂದು ನಿಜ ಹೇಳಿ. ಇಲ್ಲಿ ಎಷ್ಟು ಜನ ಮೇಲೆ ಕಟ್ಟಿದ ಎರಡನೇ ಮಹಡಿಯನ್ನು ಆಸ್ತಿ ತೆರಿಗೆಯಲ್ಲಿ ತೋರಿಸಿದ್ದೀರಿ? ಸ್ವಯಂ ಘೋಷಣೆ ಅಲ್ವಾ, ನಾವು ಬರೆದದ್ದೇ ಲೆಕ್ಕ.

ನಂಜನಗೂಡು_ರೈಲು
ಚರ್ಚೆ ಯಾಕೋ ಇದ್ದಕ್ಕಿದ್ದಂತೆ ತಣ್ಣಗಾಯ್ತು.

ಕುಕ್ಕರಹಳ್ಳಿ_ವಾಕಿಂಗ್
ನಾನು ಏಪ್ರಿಲ್‌ನಲ್ಲೇ ಕಟ್ಟಿ 5% ರಿಯಾಯಿತಿ ತಗೋತೀನಿ. ಮಹಡಿ ವಿಷಯ ನಮ್ಮ ಮನೆಯವರನ್ನು ಕೇಳಬೇಕು.

ಸರಸ್ವತಿಪುರಂ_ಅಜ್ಜಿ
ನಮ್ಮ ಮನೆ ಹೆಂಚಿನದು. ಮಹಡಿನೇ ಇಲ್ಲ. ನಾನು ಬಚಾವ್.

ಹಾಲಿನಬೂತ್_ಎದುರುಮನೆ
ಎಲ್ಲರಿಗೂ ಧನ್ಯವಾದ. ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಇಂಜಿನಿಯರ್ ಸರ್ ಹೇಳಿದ ಹಾಗೆ ಚರಂಡಿ ಬಾಯಿ ಹುಡುಕಿದೆವು. ಅರ್ಧ ಗಂಟೆ ಸಿಗಲೇ ಇಲ್ಲ. ಕೊನೆಗೆ ಬೂತ್ ಪಕ್ಕದ ಮನೆಯ ತಾತ ಬಂದು ಊರುಗೋಲಲ್ಲಿ ಕುಟ್ಟಿ "ಇಲ್ಲಿತ್ತು" ಅಂದರು. ಮೇಲೆ ಒಂದು ಅಡಿ ಮಣ್ಣು, ಹುಲ್ಲು ಬೆಳೆದಿತ್ತು. ಹಾರೆ ಹಾಕಿ ತೆಗೆದರೆ ಒಳಗೆ ಪೂರ್ತಿ ಹಾಲಿನ ಕವರ್. ಮೂಲೆ ಕತ್ತರಿಸಿದ ಚೂರುಗಳೇ ಒಂದು ಬಕೆಟ್ ಬಂತು. ನಾವೇ ಹಾಕಿದ್ದು, ಇನ್ಯಾರು. ಬೆಳಿಗ್ಗೆ ಬೂತ್ ಮುಂದೆಯೇ ಕತ್ತರಿಸಿ ಪಾತ್ರೆಗೆ ಸುರ್ಕೊಂಡು ಹೋಗೋರು ಐದಾರು ಮನೆ ಇದ್ದಾರೆ.

ಮೊನ್ನೆ ರಾತ್ರಿ ಮಳೆ ಆಯ್ತು. ಕೊಡೆ ಹಿಡ್ಕೊಂಡು ನಿಂತು ನೋಡಿದೆ. ನೀರು ಸುತ್ತಿ ಸುತ್ತಿ ಆ ಬಾಯಿಗೆ ಇಳೀತು. ಬೆಳಿಗ್ಗೆ ಗುಂಡಿಯಲ್ಲಿ ಬರೀ ತೇವ.

ದುಡ್ಡು ಮನೆಗೆ 500 ಎತ್ತಲಿಲ್ಲ. 100 ಎತ್ತಿದೆವು, ಅದೂ 31 ಮನೆಯವರು ಕೊಟ್ಟರು. ಹಾರೆ ಕೆಲಸಕ್ಕೆ ಬಂದವರ ಕೂಲಿ, ಚರಂಡಿ ಬಾಯಿಗೆ ಒಂದು ಕಬ್ಬಿಣದ ಜಾಲರಿ. ಆರ್‌ಟಿಐ ಅರ್ಜಿ ಹಾಕಿದ್ದೇನೆ, 138 ಪದ.

ಲೆಕ್ಕದ_ಮೇಷ್ಟ್ರು
ಜಾಲರಿಗೆ ರಸೀದಿ ಇಟ್ಟುಕೊಳ್ಳಿ. ಆದರೂ ನನ್ನ ಮಾತು ಅದೇ, ಇದು ನೀವು ಮಾಡಬೇಕಾದ ಕೆಲಸ ಅಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆ ಕಾಯ್ದೆಯಲ್ಲಿ ರಸ್ತೆ ನಿರ್ವಹಣೆ ಪಾಲಿಕೆಗಳ ಕಡ್ಡಾಯ ಕರ್ತವ್ಯ ಅಂತ ಬರೆದಿದೆ. ಇಷ್ಟ ಇದ್ದರೆ ಮಾಡಿ ಅನ್ನೋ ಪಟ್ಟಿಯಲ್ಲಿ ಅಲ್ಲ.

ಹಾಲಿನಬೂತ್_ಎದುರುಮನೆ
ಒಪ್ಪಿದೆ ಸರ್. ಅದಕ್ಕೇ ಗುಂಡಿ ಮುಟ್ಟಿಲ್ಲ. ಬರೀ ನಮ್ಮ ಕವರ್ ನಾವು ತೆಗೆದಿದ್ದು.

ಪಿಡಬ್ಲ್ಯುಡಿ_ಪಿಂಚಣಿದಾರ
ಜಾಲರಿಯ ಕಂಬಿಗಳು ರಸ್ತೆಗೆ ಅಡ್ಡಲಾಗಿ ಇವೆ ತಾನೆ? ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತೆ.

ಹಾಲಿನಬೂತ್_ಎದುರುಮನೆ
ಅಯ್ಯೋ. ನೋಡಿ ಬರ್ತೀನಿ.

ಹಾಲಿನಬೂತ್_ಎದುರುಮನೆ
ಉದ್ದಕ್ಕೆ ಇದೆ. ವೆಲ್ಡಿಂಗ್‌ನವನಿಗೆ ಫೋನ್ ಮಾಡಿದೆ, ನಾಳೆ ಬಂದು ತಿರುಗಿಸಿ ಕೊಡ್ತಾನಂತೆ. ಅಲ್ಲಿ ತನಕ ಅದರ ಮೇಲೆ ಕ್ರೇಟ್ ಇಡೋಣ ಅಂತ ಹೋದರೆ, ಕ್ರೇಟ್ ಮತ್ತೆ ಕಳುವಾಗಿದೆ.